ನಮ್ಮ ಹಳೆಯ ಕಟ್ಟಡದ ಪರವಾಗಿ ಒಂದು ಅರಿಕೆ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಪಾಲಿಗೆ ಬರುವ ಪುಟಗಳಲ್ಲಿ ಪರೀಕ್ಷೆಗಳ ಫಲಿತಾಂಶ, ಆಟೋಟಗಳ ಬಹುಮಾನ, ನಿವೃತ್ತರಾದ ಉಪಾಧ್ಯಾಯಿನಿಯರ ಸ್ಮರಣೆ ಮುಂತಾದವು ಬರುವುದು ವಾಡಿಕೆ. ಈ ಸಾರಿ ಅವೆಲ್ಲವೂ ಬೇರೆ ಪುಟಗಳಲ್ಲಿ ಅಚ್ಚಾಗಿರುವುದರಿಂದ ನನಗೆ ದೊರೆತ ಸ್ಥಳವನ್ನು ಒಂದೇ ವಿಷಯಕ್ಕೆ ಮೀಸಲಾಗಿಡುತ್ತೇನೆ. ಕಟ್ಟಡದ ನಿಧಿಗೆ ಹಣವಿತ್ತ, ಹಾಗೂ ಕೊಡುವೆವೆಂದು ಮಾತು ಕೊಟ್ಟ, ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಇದನ್ನು ಓದುವರೆಂಬ ನಂಬಿಕೆ ನನಗಿದೆ. ನಿಮ್ಮಲ್ಲಿ ಬಹುಮಂದಿ ಹಣ ಕೊಟ್ಟದ್ದು ಹಳೆಯ ಕಟ್ಟಡವನ್ನು ಕೆಡವಿಸಿ ಅದೇ ಸ್ಥಳದಲ್ಲಿ ಮೂರಂತಸ್ತಿನ ಕಾಂಕ್ರೀಟಿನ ಕಟ್ಟಡವನ್ನು ಎಬ್ಬಿಸುವುದಕ್ಕಾಗಿ. ಅದನ್ನು ಕೆಡವದೆ, ಆ ಹಣದಿಂದಲೇ ದುರಸ್ತಿ ಮಾಡಿಸಿ, ಉಳಿದುದನ್ನು ನೀರಿನ ಅನುಕೂಲಕ್ಕಾಗಿ ವಿನಿಯೋಗಿಸಲು ನೀವು ಒಪ್ಪಬೇಕೆಂಬುದೇ ನನ್ನ ಅರಿಕೆ. ಕೊಟ್ಟವರ ಸಮ್ಮತಿಯಿಲ್ಲದೆ ಒಂದು ಉದ್ದೇಶದ ಹಣವನ್ನು ಇನ್ನೊಂದಕ್ಕೆ ತಿರುಗಿಸುವುದು ನ್ಯಾಯವಲ್ಲವಷ್ಟೆ. ಆದುದರಿಂದ ಕಾರಣಗಳನ್ನು ವಿವರವಾಗಿ ಹೇಳುವುದು ನನ್ನ ಕರ್ತವ್ಯವಾಗಿದೆ.

ಕಟ್ಟಡವು ನಿಮಗೆಲ್ಲರಿಗೂ ಪರಿಚಿತವೇ. ಔರಾದದ ಸುತ್ತಣ ನೆಲದಲ್ಲಿಯೇ ದೊರೆಯುವ ಕರಿಕಲ್ಲಿನ ಎರಡಡಿ ದಪ್ಪದ ಗೋಡೆಗಳು, ಸುಣ್ಣದ ಗಾರೆ, ಸಾಗವಾನಿಯ ತೊಲೆಗಳು, ಮೇಲೆ ಮಂಗಳೂರು ಹೆಂಚು, ಕೆಳಗೆ ಶಹಾಬಾದದ ಕಲ್ಲುಹಾಸು, ಮುಂದೆ ಉದ್ದವಾದ ಪಡಸಾಲೆ. ಮಿಶನ್ನಿನ ಮಿಸ್ಸಮ್ಮನವರ ಕಾಲದಲ್ಲಿ ಕಟ್ಟಿದ್ದು. ಈಗ ಹಲವು ಕಡೆ ಗಿಲಾವು ಉದುರಿದೆ. ಮಳೆ ಬಂದರೆ ಎರಡು ಕೋಣೆಗಳಲ್ಲಿ ಬಕೆಟ್ಟುಗಳನ್ನಿಡಬೇಕಾಗುತ್ತದೆ. ಪಡುವಣ ಮೂಲೆಯ ಗೋಡೆಯಲ್ಲಿ ಒಂದು ಸೀಳು ಕಾಣಿಸಿಕೊಂಡಿದೆ. ನೋಡಿದವರು, “ಇನ್ನು ಇದರ ಕಾಲ ಮುಗಿಯಿತು” ಎಂದು ಹೇಳುವುದು ಸಹಜ.

ಕೆಡವದೆ ದುರಸ್ತಿ ಮಾಡುವ ಈ ಬಗೆಯನ್ನು ಈಗಿನವರು ಹಸಿರು ನವೀಕರಣವೆಂದು ಕರೆಯುತ್ತಾರೆ. ಪೋಷಕರ ಸಭೆಯಲ್ಲಿ ನಾನು ಈ ಶಬ್ದವನ್ನು ಉಚ್ಚರಿಸಿದಾಗ ಒಬ್ಬ ತಾಯಿ ಎದ್ದುನಿಂತು, “ಬಾಯಾರ, ಅಂದ್ರ ಗ್ವಾಡಿಗಿ ಹಸರ ಬಣ್ಣ ಹಚ್ತೀರೇನ್ರಿ?” ಎಂದು ಕೇಳಿದರು. ಎಲ್ಲರೂ ನಕ್ಕರು, ಆದರೆ ಪ್ರಶ್ನೆಯು ನಗುವಂಥದಲ್ಲ. ಹೆಸರು ಹೊಸದಾದರೆ ವಸ್ತುವೂ ಹೊಸದಿರಬೇಕು, ಅದಕ್ಕೆ ಗಾಜೂ ಯಂತ್ರಗಳೂ ಬೇಕು, ಅದು ಪಟ್ಟಣದ ಸಿರಿವಂತರ ಮಾತು ಎಂದು ಜನರು ಭಾವಿಸಿದ್ದಾರೆ. ನಮಗೆ ಸಮೀಪದ ಹೈದರಾಬಾದಿನಲ್ಲಿ 2004ರಲ್ಲಿ ತೆರೆಯಲ್ಪಟ್ಟ ಸೊಹ್ರಾಬ್ಜಿ ಗೋದ್ರೆಜ್ ಹಸಿರು ವ್ಯವಹಾರ ಕೇಂದ್ರದ ಕಟ್ಟಡವು, ಅಮೆರಿಕದ ಹೊರಗೆ ಆ ದೇಶದ ಹಸಿರು ಕಟ್ಟಡಗಳ ಮಾಪನದಲ್ಲಿ ಅತ್ಯುಚ್ಚ ಶ್ರೇಣಿಯನ್ನು ಪಡೆದ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಅಲ್ಲಿ ಏನಿದೆ? ನಡುವೆ ಅಂಗಳ, ಜಾಲಂಧ್ರದ ಗೋಡೆ, ಗಾಳಿಯನ್ನು ತಂಪುಮಾಡಿ ಒಳಗಿಳಿಸುವ ಗೋಪುರ, ಬಳಸಿದ ನೀರನ್ನು ಗಿಡಗಳ ಬೇರಿನಿಂದ ಶುದ್ಧಿಗೊಳಿಸುವ ಏರ್ಪಾಡು. ಯಂತ್ರಗಳೂ ಇವೆಯೆಂಬುದು ನಿಜ; ಆದರೆ ಅಂಗಳವನ್ನೂ ಜಾಲಂಧ್ರವನ್ನೂ ನಮ್ಮ ಅಜ್ಜಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೊದಲು ಬಿಸಿಲಿನ ವಿಷಯ. ಔರಾದದ ಬೇಸಿಗೆಯನ್ನು ಔರಾದದವರಿಗೆ ವರ್ಣಿಸಬೇಕಾಗಿಲ್ಲ. ಎರಡಡಿ ದಪ್ಪದ ಕಲ್ಲುಗೋಡೆಯ ಹೊರಮೈಗೆ ಬಿದ್ದ ಬಿಸಿಲಿನ ಕಾವು ಒಳಮೈಗೆ ಬಂದು ಮುಟ್ಟಬೇಕಾದರೆ ಹತ್ತು ತಾಸುಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಶಾಲೆಯ ಗಂಟೆ ಬಾರಿಸಿ ಮಕ್ಕಳು ಮನೆ ಸೇರಿರುತ್ತಾರೆ. ಅಂಗೈ ಅಗಲದ ದಪ್ಪವುಳ್ಳ ಕಾಂಕ್ರೀಟಿನ ಮಾಳಿಗೆಯಾದರೋ ಮಧ್ಯಾಹ್ನದ ಹೊತ್ತಿಗೇ ಕಾದು, ಸರಿಯಾಗಿ ಗಣಿತದ ಪಾಠದ ವೇಳೆಗೆ ತಲೆಯ ಮೇಲೆ ಕಾವನ್ನು ಸುರಿಸತೊಡಗುತ್ತದೆ. ಹತ್ತನೆಯ ತರಗತಿಯ ಹುಡುಗಿಯರು ಒಂದು ಉಷ್ಣಮಾಪಕವನ್ನು ಹಳೆಯ ಕೋಣೆಯಲ್ಲಿಯೂ ಇನ್ನೊಂದನ್ನು ಹಿಂದುಗಡೆಯ ಕಾಂಕ್ರೀಟಿನ ಕೋಣೆಯಲ್ಲಿಯೂ ತೂಗುಹಾಕಿ ಎರಡು ವಾರ ಬರೆದಿಟ್ಟರು. ಒಂದು ದಿನವಾದರೂ ಮೂರು ಗಂಟೆಗೆ ಹಳೆಯ ಕೋಣೆಯ ಮಾಪಕವು ಹೊಸದನ್ನು ಮೀರಲಿಲ್ಲ. ಹಳೆಯದರಲ್ಲಿಯೂ ಒಂದು ಕೊರತೆಯಿದೆ: ಹೆಂಚು ಬಲು ಬೇಗ ಕಾಯುತ್ತದೆ. ಕಟ್ಟಿದವರು ಇದನ್ನರಿತು ಗೋಡೆಯ ಮೇಲ್ತುದಿಯಲ್ಲಿ ಗವಾಕ್ಷಿಗಳನ್ನಿಟ್ಟು, ಬಿಸಿಗಾಳಿಯು ತಾನಾಗಿ ಮೇಲೇರಿ ಹೊರಹೋಗುವಂತೆ ಮಾಡಿದ್ದರು. ಪಾರಿವಾಳಗಳ ಕಾಟಕ್ಕೆ ಬೇಸತ್ತು ನಡುವೆ ಎಂದೋ ಅವುಗಳಿಗೆ ಹಲಗೆ ಬಡಿಯಲಾಗಿದೆ. ಹಲಗೆ ತೆಗೆದು ತಂತಿಯ ಬಲೆ ಹಾಕಿಸಬೇಕು; ಹೆಂಚಿನ ಕೆಳಗೆ ಮರದ ಒಳಚಾವಣಿ ಕೂಡಿಸಬೇಕು. ಹಿಂದುಗಡೆಯ ಕಾಂಕ್ರೀಟಿನ ಮಾಳಿಗೆಗೆ ಬಿಳಿಯ ಲೇಪ ಕೊಡಿಸಬೇಕು. ನೆರೆಯ ತೆಲಂಗಾಣ ಸರಕಾರವು 2023ರಲ್ಲಿ ತಂಪು ಚಾವಣಿಗಳಿಗಾಗಿ ಒಂದು ಧೋರಣೆಯನ್ನೇ ಪ್ರಕಟಿಸಿರುವುದರಿಂದ ಇದು ನನ್ನೊಬ್ಬಳ ಹುಚ್ಚಲ್ಲವೆಂದು ತಿಳಿಯಬಹುದು. ಬೆಳಕಿಗೂ ಬೀಸಣಿಗೆಗೂ ಸೌರ ಫಲಕಗಳನ್ನು ಅದೇ ಮಾಳಿಗೆಯ ಮೇಲೆ ಇಡಬಹುದು. ಅದರ ವಿವರವು ಆಡಳಿತ ಮಂಡಲಿಯ ಬಳಿಯಿದೆ.

ಇನ್ನು ಸುಣ್ಣ ಮತ್ತು ಸಿಮೆಂಟು. ಇವೆರಡಕ್ಕೂ ತಾಯಿ ಒಂದೇ, ಸುಣ್ಣದ ಕಲ್ಲು. ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂ ಕಡೆಗೆ ರೈಲಿನಲ್ಲಿ ಹೋದವರು ಸಿಮೆಂಟಿನ ಕಾರಖಾನೆಗಳನ್ನು ಕಂಡಿರುತ್ತಾರೆ. ಸುಣ್ಣವನ್ನು ಸುಡಲು ಸುಮಾರು 900 ಡಿಗ್ರಿ ಉಷ್ಣತೆ ಸಾಕು. ಸಿಮೆಂಟಿಗೆ ಸುಮಾರು 1,450 ಡಿಗ್ರಿ ಬೇಕು. ಕಲ್ಲು ಸುಡುವಾಗ ಅದರೊಳಗಿನ ಅಂಗಾರಾಮ್ಲವಾಯುವು ಹೊರಬೀಳುತ್ತದೆ. ಸುಡಲು ಉರಿಸಿದ ಕಲ್ಲಿದ್ದಲಿನಿಂದ ಇನ್ನಷ್ಟು. ಜಗತ್ತಿನಲ್ಲಿ ಮನುಷ್ಯರು ಆಕಾಶಕ್ಕೆ ಬಿಡುವ ಆ ವಾಯುವಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದಲೇ ಬರುವುದೆಂದು ಲೆಕ್ಕ. ಸುಣ್ಣದ ಗಾರೆಯು ಗಟ್ಟಿಯಾಗುತ್ತ ಹೋದಂತೆ ತಾನು ಬಿಟ್ಟುಕೊಟ್ಟ ಆ ವಾಯುವಿನಲ್ಲಿ ಬಹುಭಾಗವನ್ನು ಮರಳಿ ಹೀರಿಕೊಳ್ಳುತ್ತದೆ. ನಿಂತಿರುವ ಗೋಡೆಯನ್ನು ಕೆಡವಿದರೆ, ಅದನ್ನು ಕಟ್ಟಲು ಅಂದು ಸುಟ್ಟ ಸೌದೆ, ಅಂದು ಕಡಿದ ಕಲ್ಲು, ಅಂದು ಬಿದ್ದ ಬೆವರು ಎಲ್ಲವೂ ಮಣ್ಣುಪಾಲಾಗಿ, ಅದೇ ವೆಚ್ಚವು ಎರಡನೆಯ ಸಲ ಮೊದಲಾಗುತ್ತದೆ.

ನಮ್ಮ ಗೋಡೆಗೆ ಬಂದಿರುವ ರೋಗವೂ ಒಂದು ಬಗೆಯಲ್ಲಿ ಸಿಮೆಂಟಿನದೇ. ಹಿಂದೆ ಒಮ್ಮೆ ದುರಸ್ತಿಯ ಹೆಸರಿನಲ್ಲಿ ಗೋಡೆಯ ಕೆಳಭಾಗಕ್ಕೆಲ್ಲ ಸಿಮೆಂಟಿನ ಗಿಲಾವು ಬಳಿಯಲಾಯಿತು. ಸುಣ್ಣದ ಗೋಡೆಯು ನೆಲದಿಂದ ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುತ್ತಿರಬೇಕು. ಸಿಮೆಂಟು ಆ ದಾರಿಯನ್ನು ಮುಚ್ಚಿತು. ತೇವವು ಒಳಗೇ ನಿಂತು, ಮೇಲಕ್ಕೇರಿ, ಉಪ್ಪನ್ನು ಉಕ್ಕಿಸಿ ಗಾರೆಯನ್ನು ಹುಡಿಗೊಳಿಸುತ್ತಿದೆ. ಗಾರೆಯ ಕೆಲಸ ಬಲ್ಲ ಒಬ್ಬ ವೃದ್ಧ ಗೌಂಡಿಯು ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಟ್ಟನು. ಕಲ್ಲಿಗೆ ಏನೂ ಆಗಿಲ್ಲವೆಂದು ಅವನ ಅಭಿಪ್ರಾಯ. ಪರೀಕ್ಷಿಸಿದ ಇಂಜಿನಿಯರರ ಅಭಿಪ್ರಾಯವೂ ಅದೇ. ಸಿಮೆಂಟನ್ನು ಕೆತ್ತಿ ತೆಗೆದು, ಚೆನ್ನಾಗಿ ನೆನೆಯಿಟ್ಟು ಅರೆದ ಸುಣ್ಣಕ್ಕೆ ಮರಳೂ ಇಟ್ಟಿಗೆಯ ಪುಡಿಯೂ ಬೆರೆಸಿ ಹೊಸ ಗಿಲಾವು ಕೊಡತಕ್ಕದ್ದು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸುವ ಪದ್ಧತಿಯನ್ನೂ ಆ ಗೌಂಡಿಯು ಹೇಳಿದನು. ಕೇಳಿದ ಹುಡುಗಿಯರು ಗೋಡೆಗೆ ಪಾಯಸವೇ ಎಂದು ಬೆರಗಾದರು.

ಔರಾದದಿಂದ ಬೀದರಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಪ್ರತಿ ವರ್ಷವೂ ಒಂಬತ್ತನೆಯ ತರಗತಿಯವರನ್ನು ಅಲ್ಲಿಗೆ ಕರೆದೊಯ್ಯುವುದು ನಮ್ಮಲ್ಲಿ ರೂಢಿ. ಬಹಮನಿ ಅರಸರ ಮಂತ್ರಿಯಾಗಿದ್ದ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸವು ನಮ್ಮ ಜಿಲ್ಲೆಯ ಅತಿ ಪ್ರಸಿದ್ಧವಾದ ವಿದ್ಯಾಲಯ. ಅಂಗಳದ ಸುತ್ತ ಮೂರಂತಸ್ತಿನ ಕೋಣೆಗಳು, ದಪ್ಪನೆಯ ಗೋಡೆಗಳು, ನೇರವಾದ ಬಿಸಿಲನ್ನು ತಡೆದು ಬೆಳಕನ್ನು ಮಾತ್ರ ಒಳಬಿಡುವ ಕಮಾನುಗಳು. ಓದುವ ಜನರಿಗೆ ಏನು ಬೇಕೆಂಬುದನ್ನು ಬಲ್ಲವರು ಅದನ್ನು ಕಟ್ಟಿದ್ದಾರೆ. ಗವಾನನನ್ನು ಅವನ ಒಡೆಯನೇ 1481ರಲ್ಲಿ ಕೊಲ್ಲಿಸಿದನು. ವಿದ್ಯಾಲಯವು ಅನಂತರವೂ ಎರಡು ಶತಮಾನಗಳಿಗೂ ಹೆಚ್ಚು ಕಾಲ ನಿಂತಿತು. 1696ರಲ್ಲಿ ಒಳಗಿದ್ದ ಸಿಡಿಮದ್ದು ಹೊತ್ತಿ ಸಿಡಿದು ಒಂದು ಭಾಗ ಹಾರಿಹೋಯಿತು. ಉಳಿದ ಭಾಗವು ಐನೂರೈವತ್ತು ಮಳೆಗಾಲಗಳನ್ನು ಕಂಡು ಇಂದಿಗೂ ನಿಂತಿದೆ. ಅದೇ ಊರಿನ ಹೊರವಲಯದ ನೌಬಾದಿನಲ್ಲಿ, ಪಾರಸಿಕ ದೇಶದ ರೀತಿಯಲ್ಲಿ ನೆಲದಡಿ ತೋಡಿದ ಕಾರೇಜು ಎಂಬ ಸುರಂಗ ಕಾಲುವೆಯಿದೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆಯ ನೀರನ್ನು ಹೀರಿ ತನ್ನೊಳಗಿಳಿಸಿಕೊಳ್ಳುತ್ತದೆ; ಕೆಳಗಿನ ಕರಿಕಲ್ಲು ಅದನ್ನು ತಡೆಯುತ್ತದೆ; ಹೀಗೆ ನಿಂತು ಜಿನುಗುವ ನೀರನ್ನು ಒಂದೆಡೆ ಕೂಡಿಸಿ ಊರಿಗೆ ಹರಿಯಿಸುವುದೇ ಅದರ ಯುಕ್ತಿ. ಬಹುಕಾಲ ಹೂಳು ತುಂಬಿ ಮರೆತುಹೋಗಿದ್ದ ಅದನ್ನು ಈಚಿನ ವರ್ಷಗಳಲ್ಲಿ ತೆಗೆಸಿ ನೋಡಿದಾಗ ಒಳಗೆ ನೀರಿತ್ತು. ನೆಲದ ಗುಣವನ್ನರಿತು ಕಟ್ಟಿದವರ ಶಿಷ್ಯರಾಗುವುದಕ್ಕೆ ನಮಗೆ ನಾಚಿಕೆಯೇಕೆ?

ಇಷ್ಟು ಹೇಳಿದ ಮೇಲೆ, ಪೋಷಕರು ಮನಸ್ಸಿನಲ್ಲಿಟ್ಟುಕೊಂಡು ಬಾಯಿಬಿಟ್ಟು ಆಡದ ಒಂದು ಮಾತನ್ನು ನಾನೇ ಆಡಬೇಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನರು ಮಲಗಿದ್ದ ವೇಳೆಯಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಮಂದಿ ಮಡಿದರು. ನಮ್ಮ ಜಿಲ್ಲೆಯಲ್ಲಿಯೂ ನೆಲ ಅಲುಗಿತು. ವಸತಿಗೃಹದ ಬಾಲೆಯರಾಗಿದ್ದ ನಾವು ಕತ್ತಲಲ್ಲಿ ಅಂಗಳಕ್ಕೆ ಓಡಿದೆವು. ಅಂದಿನಿಂದ ಈ ಸೀಮೆಯಲ್ಲಿ ಕಲ್ಲಿನ ಮನೆಯೆಂದರೆ ಜನರಿಗೆ ಭಯ. ಆ ಭಯವು ಅಜ್ಞಾನವಲ್ಲ. ಸತ್ತವರಲ್ಲಿ ಹೆಚ್ಚಿನವರು ಕಲ್ಲಿನ ಗೋಡೆಗಳ ಕೆಳಗೇ ಸತ್ತರು. ಆದರೆ ಯಾವ ಕಲ್ಲಿನ ಗೋಡೆ? ಒರಟು ಗುಂಡುಕಲ್ಲುಗಳನ್ನು ಕೆಸರಿನಲ್ಲಿ ಕೂಡಿಸಿ, ಒಳಮೈ ಬೇರೆ, ಹೊರಮೈ ಬೇರೆಯಾಗಿ ಎತ್ತಿ, ನಡುವೆ ಚೂರು ತುಂಬಿದ ಗೋಡೆ. ಮೇಲೆ ವರ್ಷವರ್ಷವೂ ಮಣ್ಣು ಹೊಯ್ದು ಅಡಿಗಟ್ಟಲೆ ದಪ್ಪವಾದ ಮಾಳಿಗೆ. ನೆಲ ಅಲುಗಿದೊಡನೆ ಗೋಡೆಯ ಎರಡು ಮೈಗಳೂ ಒಂದನ್ನೊಂದು ಬಿಟ್ಟು ಸಿಡಿದವು, ಮಣ್ಣಿನ ಭಾರವೆಲ್ಲ ಮಲಗಿದವರ ಮೇಲೆ ಬಿದ್ದಿತು.

ನಮ್ಮ ಕಟ್ಟಡದ ಕಲ್ಲು ಕಡಿದು ಚೌಕಗೊಳಿಸಿದ್ದು, ಗಾರೆಯು ಸುಣ್ಣದ್ದು, ಚಾವಣಿಯು ಹಗುರವಾದ ಹೆಂಚಿನದು. ಇದರಿಂದ ಸಮಾಧಾನವುಂಟು, ಆದರೆ ನೂರಾರು ಹೆಣ್ಣುಮಕ್ಕಳನ್ನು ಒಳಗೆ ಕೂಡಿಸುವವಳಿಗೆ ಅಷ್ಟು ಸಮಾಧಾನ ಸಾಲದು. ಆದುದರಿಂದ ದುರಸ್ತಿಯ ಪಟ್ಟಿಯಲ್ಲಿ ಬಣ್ಣಕ್ಕಿಂತ, ಹೆಂಚಿಗಿಂತ ಮೊದಲು ಬರುವುದು ಗೋಡೆಗಳನ್ನು ಬಂಧಿಸುವ ಕೆಲಸ. ಒಳಮೈಯಿಂದ ಹೊರಮೈವರೆಗೆ ಹಾಯುವ ಕಟ್ಟುಗಳನ್ನು ನಡುನಡುವೆ ಕೂಡಿಸಬೇಕು, ಬಾಗಿಲು ಕಿಟಕಿಗಳ ಮೇಲಿನ ಮಟ್ಟದಲ್ಲಿ ಕಟ್ಟಡವನ್ನೆಲ್ಲ ಸುತ್ತುವರಿಯುವ ಪಟ್ಟಿಯನ್ನು ಕಟ್ಟಬೇಕು, ಮೂಲೆಗಳನ್ನು ಬಿಗಿಯಬೇಕು, ತೊಲೆಗಳನ್ನು ಗೋಡೆಗೆ ಬಂಧಿಸಬೇಕು. ಕಿಲ್ಲಾರಿಯ ಅನಂತರ ಆ ಸೀಮೆಯಲ್ಲಿ ಹಳೆಯ ಮನೆಗಳನ್ನು ಬಲಪಡಿಸಲು ಕಲಿಸಿದ ವಿದ್ಯೆಯೇ ಇದು. ಇದರಲ್ಲಿ ಸ್ವಲ್ಪ ಉಕ್ಕೂ ಸಿಮೆಂಟೂ ಬೇಕಾಗುವುದು, ನಾನು ಅದಕ್ಕೆ ಹಿಂದೆಗೆಯುವುದಿಲ್ಲ. ಹಸಿರೆಂಬ ಹೆಸರಿನ ಆಸೆಗೆ ಮಕ್ಕಳ ತಲೆಯ ಮೇಲಿನ ತೊಲೆಯನ್ನು ಸಡಿಲವಾಗಿ ಬಿಡುವ ನವೀಕರಣವು ನನಗೆ ಬೇಡ. ಬಂಧಿಸುವ ಕೆಲಸ ಮುಗಿದು ಇಂಜಿನಿಯರರ ಸಹಿ ಬೀಳುವವರೆಗೆ ಪಡುವಣ ಮೂಲೆಯ ಕೋಣೆಗೆ ಬೀಗ ಹಾಕಿರುತ್ತದೆ.

ನೀರಿನ ವಿಷಯವನ್ನು ಕೊನೆಗಿರಿಸಿದ್ದೇನೆ. ಆದರೆ ನನ್ನ ಅರಿಕೆಯ ಹೃದಯವು ಅಲ್ಲಿಯೇ ಇದೆ. 2016ರಲ್ಲಿ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತಂದುದನ್ನು ನಾವೆಲ್ಲ ಕಂಡಿದ್ದೇವೆ. ಆ ಊರು ನಮಗೆ ದೂರದ್ದಲ್ಲ, ಅಲ್ಲಿಯೂ ಇಲ್ಲಿಯೂ ಮಾಂಜರಾ ನದಿಯೇ ಗತಿ. ನಮ್ಮ ಶಾಲೆಯ ಕೊಳವೆಬಾವಿಯು ಫೆಬ್ರುವರಿಯ ಹೊತ್ತಿಗೆ ಕೆಮ್ಮತೊಡಗುತ್ತದೆ. ಮಾರ್ಚಿನಲ್ಲಿ ಕೆಲವು ದಿನ ಬರಿಯ ಗಾಳಿ. ಅಂಥ ದಿನಗಳ ಹಾಜರಿ ಪುಸ್ತಕವನ್ನು ತೆರೆದು ನೋಡಿದ್ದೇನೆ. ಐದನೆಯ, ಆರನೆಯ ತರಗತಿಯ ಪುಟಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಎಂಟನೆಯದರಿಂದ ಮೇಲಿನ ಪುಟಗಳಲ್ಲಿ ಗೈರುಹಾಜರಿಯ ಗುರುತುಗಳು ಸಾಲಾಗಿ ನಿಂತಿವೆ. ಶೌಚಗೃಹದಲ್ಲಿ ನೀರಿಲ್ಲದ ದಿನ, ಅದರಲ್ಲಿಯೂ ಋತುಧರ್ಮದ ದಿನಗಳಲ್ಲಿ, ದೊಡ್ಡ ಹುಡುಗಿಯು ಶಾಲೆಗೆ ಬರುವುದು ಹೇಗೆ? ಇಂಥ ಮಾತನ್ನು ಸಂಚಿಕೆಯಲ್ಲಿ ಬರೆಯಬಾರದೆಂದು ಕೆಲವರು ಎಣಿಸಬಹುದು. ಇದನ್ನು ಓದುವ ತಾಯಂದಿರು ಹಾಗೆ ಎಣಿಸಲಾರರೆಂದು ಬರೆದಿದ್ದೇನೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಒಂದು ತಿಂಗಳಿರುವಾಗ ವಾರಕ್ಕೆರಡು ದಿನ ತಪ್ಪಿಸಿಕೊಂಡ ಹುಡುಗಿಯು ಹಿಂದೆ ಬಿದ್ದರೆ, ಮನೆಯಲ್ಲಿ ಅವಳ ಮದುವೆಯ ಮಾತು ಮೊದಲಾಗುತ್ತದೆ. ಮೂರಂತಸ್ತು ಕಟ್ಟಿಸಿದರೂ ಕೊಳವೆಬಾವಿಯಲ್ಲಿ ನೀರು ಹೆಚ್ಚುವುದಿಲ್ಲ.

ಲೆಕ್ಕವನ್ನು ಒಪ್ಪಿಸುತ್ತೇನೆ. ನಮ್ಮ ಹೆಂಚಿನ ಚಾವಣಿಯು ಸುಮಾರು 400 ಚದರ ಮೀಟರು. ಅದರ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ 400 ಲೀಟರು ನೀರು. ಒಳ್ಳೆಯ ವರ್ಷದಲ್ಲಿ ಇಲ್ಲಿ 800 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಕೊರತೆಯ ವರ್ಷವನ್ನೆಣಿಸಿ 600 ಎಂದೇ ಹಿಡಿಯೋಣ. 2,40,000 ಲೀಟರಾಯಿತು. ಚೆಲ್ಲಿಹೋಗುವುದಕ್ಕೂ ಮೊದಲ ಮಳೆಯ ಕೊಳೆ ತೊಳೆಯುವುದಕ್ಕೂ ಐದನೆಯ ಒಂದು ಪಾಲು ಬಿಟ್ಟರೆ 1,92,000 ಲೀಟರು. 300 ಮಕ್ಕಳಿಗೆ ದಿನಕ್ಕೆ ಐದೈದು ಲೀಟರಿನಂತೆ 1,500 ಲೀಟರು ಬೇಕು. ಆ ನೀರು 128 ದಿನಗಳಿಗೆ ಸಾಕು. ಅಷ್ಟನ್ನೂ ಕೂಡಿಡುವ ತೊಟ್ಟಿಯನ್ನು ಕಟ್ಟಿಸುವ ಶಕ್ತಿ ನಮಗಿಲ್ಲ. 50,000 ಲೀಟರಿನ ತೊಟ್ಟಿಯೊಂದನ್ನು ನೆಲದಲ್ಲಿ ಕಟ್ಟಿಸಿ, ಬಿಸಿಲು ಸೋಕದಂತೆ ಮುಚ್ಚಿ, ಅಕ್ಟೋಬರಿನಲ್ಲಿ ತುಂಬಿಸಿ ಬೀಗ ಹಾಕಿದರೆ, ಫೆಬ್ರುವರಿ ಮಾರ್ಚುಗಳ 33 ದಿನಗಳಿಗೆ ಅದು ಒದಗುತ್ತದೆ. ಮಿಕ್ಕ ನೀರು ಕಸ ತುಂಬಿ ಪಾಳುಬಿದ್ದಿರುವ ಮಿಸ್ಸಮ್ಮನವರ ಬಾವಿಗೆ ಹೋಗಲಿ. ಬಾವಿಯ ಹೂಳು ತೆಗೆಸಿ, ಜಲ್ಲಿ ಮರಳಿನ ಗುಂಡಿಯಲ್ಲಿ ಸೋಸಿ ನೀರಿಳಿಸಿದರೆ ನೆಲದೊಳಕ್ಕೆ ಅಷ್ಟಾದರೂ ಇಂಗೀತು.

ಇದರಿಂದ ಗೋಡೆಗೂ ಉಪಕಾರವಿದೆ. ನಮ್ಮದು ಎರೆಭೂಮಿ, ನೆನೆದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಈಗ ಸೂರಿನ ನೀರೆಲ್ಲ ಗೋಡೆಯ ಬುಡದಲ್ಲಿಯೇ ಬಿದ್ದು ನಿಲ್ಲುವುದರಿಂದ ವರ್ಷವರ್ಷವೂ ತಳಪಾಯದ ಕೆಳಗಣ ನೆಲವು ಏರುತ್ತ ಇಳಿಯುತ್ತ ಇರುತ್ತದೆ. ಪಡುವಣ ಮೂಲೆಯ ಸೀಳು ಹುಟ್ಟಿದ್ದು ಹೀಗೆಂದು ಇಂಜಿನಿಯರರು ತೋರಿಸಿಕೊಟ್ಟರು. ಸೂರಿನ ಕೆಳಗೆ ತಗಡಿನ ಕಾಲುವೆ ಕಟ್ಟಿ ನೀರನ್ನು ತೊಟ್ಟಿಗೆ ಒಯ್ದರೆ ಮಕ್ಕಳಿಗೆ ನೀರೂ ಆಯಿತು, ಗೋಡೆಗೆ ರಕ್ಷಣೆಯೂ ಆಯಿತು.

ದುರಸ್ತಿ, ಬಂಧನ, ತೊಟ್ಟಿ, ಬಾವಿ ಎಲ್ಲವೂ ಸೇರಿ ತಗಲುವ ವೆಚ್ಚವು ಹೊಸ ಕಟ್ಟಡದ ಅಂದಾಜಿನ ಅರ್ಧಕ್ಕಿಂತ ಕಡಿಮೆ. ಕೋಣೆಗಳ ಸಂಖ್ಯೆ ಹೆಚ್ಚುವುದಿಲ್ಲವೆಂಬ ಆಕ್ಷೇಪಣೆ ಸರಿಯಾದದ್ದೇ. ಮುಂದೆ ಬೇಕಾದಾಗ ಆಟದ ಬಯಲಿನ ಅಂಚಿನಲ್ಲಿ ಎರಡು ಕೋಣೆಗಳಿಗೆ ಸ್ಥಳವಿದೆ.

ಉಳಿದಿರುವುದು ಒಂದು ಸೂಕ್ಷ್ಮವಾದ ಮಾತು. ಹೊಸ ಕಟ್ಟಡದ ಕಲ್ಲಿನ ಮೇಲೆ ತಂದೆಯ ಅಥವಾ ತಾಯಿಯ ಹೆಸರನ್ನು ಕೆತ್ತಿಸಬೇಕೆಂದು ಆಶಿಸಿ ಹಣವಿತ್ತ ಭಗಿನಿಯರು ನಮ್ಮಲ್ಲಿದ್ದಾರೆ. ಆ ಆಶೆಯು ಪ್ರೀತಿಯಿಂದ ಹುಟ್ಟಿದ್ದು. ಅದನ್ನು ಹಗುರವಾಗಿ ಕಾಣಲಾರೆ. ಅವರು ಒಂದು ಸಲ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವನ್ನು ತೆರೆದು ನೋಡಬೇಕೆಂದು ಬೇಡುತ್ತೇನೆ. ನಾವು ಸಾಮಾನ್ಯವಾಗಿ ಬರಿಯ ಹೆಸರುಗಳ ಪಟ್ಟಿಯೆಂದು ದಾಟಿಹೋಗುವ ಅಧ್ಯಾಯವದು. ಯೆರೂಸಲೇಮಿನ ಬಿದ್ದ ಗೋಡೆಯಲ್ಲಿ ಯಾರು ಯಾವ ಪಾಲನ್ನು ದುರಸ್ತಿ ಮಾಡಿದರೆಂದು ಅಲ್ಲಿ ಬರೆದಿದೆ: ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವ್ಯಾಪಾರಿಗಳು, ತಮ್ಮ ತಮ್ಮ ಮನೆಯೆದುರಿನ ಪಾಲನ್ನು ಕಟ್ಟಿದವರು. ಅವರ ನಡುವೆ ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳೊಡನೆ ದುರಸ್ತಿ ಮಾಡಿದನೆಂದು ಒಂದು ವಾಕ್ಯವಿದೆ. ಆ ಹೆಣ್ಣುಮಕ್ಕಳ ಹೆಸರುಗಳನ್ನು ಯಾರೂ ಬರೆದಿಡಲಿಲ್ಲವೆಂಬುದು ನನಗೆ ಯಾವಾಗಲೂ ಕೊರತೆಯಾಗಿ ತೋರಿದೆ. ನಮ್ಮ ಶಾಲೆಯಲ್ಲಿ ಹಾಗಾಗದಂತೆ ಒಂದು ದೊಡ್ಡ ಪುಸ್ತಕವನ್ನು ತರಿಸಿದ್ದೇನೆ. ಒಬ್ಬರು ಒಂದು ಕಿಟಕಿಯನ್ನು, ಒಬ್ಬರು ಒಂದು ತೊಲೆಯನ್ನು, ಒಬ್ಬರು ಹತ್ತಡಿ ತಗಡಿನ ಕಾಲುವೆಯನ್ನು ವಹಿಸಿಕೊಳ್ಳಬಹುದು. ಅದರಲ್ಲಿ ಹೆಸರು, ಓದಿದ ವರ್ಷ, ವಹಿಸಿಕೊಂಡ ಪಾಲು, ಯಾರ ಸ್ಮರಣೆಗಾಗಿ ಎಂಬಿಷ್ಟೂ ದಾಖಲಾಗುವವು.

ಒಪ್ಪಿಗೆಯ ಪತ್ರಗಳು ಫೆಬ್ರುವರಿಯ ಕೊನೆಯೊಳಗಾಗಿ ಕಚೇರಿಗೆ ತಲುಪಿದರೆ, ಪರೀಕ್ಷೆಗಳು ಮುಗಿದೊಡನೆ ಹೆಂಚುಗಳನ್ನು ಇಳಿಸಿ, ಎಣಿಸಿ, ಗಟ್ಟಿಯಾದವನ್ನು ತೊಳೆದಿಡುವ ಕೆಲಸ ಮೊದಲಾಗುವುದು. ಗೋಡೆಗಳ ಬಂಧನ, ಚಾವಣಿ, ತೊಟ್ಟಿ ಇವು ಮಳೆಗಾಲಕ್ಕೆ ಮುಂಚೆ ಮುಗಿಯಬೇಕು. ಸುಣ್ಣದ ಗಿಲಾವು ಬೇಸಿಗೆಯ ಬಿಸಿಲಿಗೆ ಬಿರಿಯುವುದರಿಂದ ಅದನ್ನು ದಸರೆಯ ರಜೆಯ ಅನಂತರ ಹಿಡಿಯತಕ್ಕದ್ದೆಂದು ಗೌಂಡಿಯ ಮಾತು. ಒಪ್ಪಿಗೆಯಿಲ್ಲದವರು ಸಂಕೋಚವಿಲ್ಲದೆ ಹಾಗೆಂದೇ ಬರೆಯಬೇಕು. ಅವರು ಕೊಟ್ಟ ಹಣವನ್ನು ರಸೀದಿಯ ಪ್ರಕಾರ ಏಪ್ರಿಲಿನೊಳಗೆ ಹಿಂದಿರುಗಿಸಲಾಗುವುದು.